ಜೆಟ್‌ಗೆ ನಿಧಾನವೇ ಕಷ್ಟ

ಪ್ರಶ್ನೆ: ಸಣ್ಣ ವಿಮಾನ ಗಂಟೆಗೆ 160 ಕಿ.ಮೀ. ವೇಗದಲ್ಲಿ ಹೋಗುತ್ತಿದ್ದರೆ ಯುದ್ಧವಿಮಾನ ಅದರ ಪಕ್ಕದಲ್ಲೇ ಹಾರಬಹುದೇ?

ಉತ್ತರ: ಆಗೋದಿಲ್ಲ ಮಾರಾಯ್ರೇ! ಎಫ್-16 ಯುದ್ಧವಿಮಾನ ಶಬ್ದದ ಎರಡು ಪಟ್ಟು ವೇಗದಲ್ಲಿ ಓಡಬಲ್ಲದು. ಆದರೆ ಅಷ್ಟು ನಿಧಾನ ಮಾಡಿದರೆ ರೆಕ್ಕೆಗಳು ಅದರ ಭಾರ ಹೊರಲಾರವು. ಹಾಗಾಗಿ ಅಂಕುಡೊಂಕಾಗಿ ಹಾರುತ್ತಾ, ಸುತ್ತು ಹೊಡೆಯುತ್ತಾ ಜತೆಗಿರಬೇಕು. ಪಕ್ಕದಲ್ಲಿ ಹಾದು ಹೋಗುವಾಗ ರೆಕ್ಕೆ ಅಲ್ಲಾಡಿಸಿದರೆ ‘ನನ್ನ ಹಿಂದೆ ಬಾ’ ಎಂದರ್ಥ.

2005ರ ಮೇ 11ರಂದು ಸೆಸ್ನಾ 150 ಒಂದು ದಾರಿ ತಪ್ಪಿ ವಾಷಿಂಗ್ಟನ್‌ನ ನಿಷೇಧಿತ ವಲಯಕ್ಕೆ ನುಗ್ಗಿತು. ಎರಡು ಸೀಟು, ಒಂದು ಪ್ರೊಪೆಲ್ಲರ್, ಅಷ್ಟೇ. ಅದಕ್ಕೇ ಶ್ವೇತಭವನ ಖಾಲಿ ಮಾಡಿಸಿದರು! ಎಫ್-16ಗಳು ಉರಿಯುವ ಫ್ಲೇರ್ ಬಿಟ್ಟು ಎಚ್ಚರಿಸಿದವು. ಕೊನೆಗೆ ಮೇರಿಲ್ಯಾಂಡ್‌ನ ಫ್ರೆಡರಿಕ್‌ನಲ್ಲಿ ಇಳಿಸಿದರು. 2006ರಿಂದ ವಾಷಿಂಗ್ಟನ್‌ನಲ್ಲಿ ಇಂಥ ನಿಧಾನದ ವಿಮಾನಗಳನ್ನು ತಡೆಯಲು ಕರಾವಳಿ ಕಾವಲು ಪಡೆಯ ಹೆಲಿಕಾಪ್ಟರ್‌ಗಳಿವೆ. ನನ್ನ ಕೇಳಿದರೆ, ಈ ಕೆಲಸಕ್ಕೆ ಅವೇ ಸರಿ.