ಗೆದ್ದವರ ಪಟ್ಟಿಯಲ್ಲಿ ನಾನಿಲ್ಲ ಎಂದ ಅಕ್ಕನಿಗೆ

ಸಂಪಾದಕರ ಉತ್ತರ

(ಸಕಲೇಶಪುರ ತಾಲ್ಲೂಕಿನ ಹಳ್ಳಿಯೊಂದರಿಂದ ಬಂದ ಪತ್ರ ಇದು. ಹೆಸರು, ಊರು ಹಾಕಬೇಡಿ ಎಂದಿದ್ದಾರೆ. ಆರು ಪುಟದ ಪತ್ರದಲ್ಲಿ ಸ್ವಲ್ಪ ಭಾಗ ಮಾತ್ರ ಇಲ್ಲಿದೆ.)

"ಹತ್ತು ವರ್ಷದ ಹಿಂದೆ, ನನಗೆ 46 ಇದ್ದಾಗ, ಎಡ ಎದೆಯಲ್ಲಿ ಗಂಟು ಬಂತು. ಆಪರೇಷನ್, ಕೀಮೋ, ಕರೆಂಟು (ರೇಡಿಯೇಷನ್) ಎಲ್ಲ ಆಯಿತು. ಐದು ವರ್ಷ ಮಾತ್ರೆ ನುಂಗಿದೆ. ಇನ್ನು ಮಾತ್ರೆ ಬೇಡ ಎಂದು ಡಾಕ್ಟರು ಹೇಳಿದ ದಿನ ಮನೆಯಲ್ಲಿ ಹೋಳಿಗೆ ಮಾಡಿದ್ದೆ. ಈ ಸಲ ಕಾಫಿ ಕುಯ್ಲಿನ ಹೊತ್ತಿಗೆ ಸೊಂಟ ನೋವು ಶುರುವಾಯಿತು. ಮೂಟೆ ಎತ್ತಿದ್ದಕ್ಕೆ ಅಂದುಕೊಂಡು ಎರಡು ತಿಂಗಳು ಎಣ್ಣೆ ಹಚ್ಚಿದೆ. ಸ್ಕ್ಯಾನ್ ಮಾಡಿಸಿದರೆ ಬೆನ್ನುಮೂಳೆಗೆ, ಸೊಂಟದ ಮೂಳೆಗೆ ಬಂದಿದೆ ಅಂದರು. 'ಟ್ರೀಟ್‌ಮೆಂಟ್ ಎಷ್ಟು ತಿಂಗಳು ಸಾರ್' ಎಂದು ಕೇಳಿದೆ. 'ಈ ಸಲ ಮುಗಿಯೋದು ಅಂತ ಇರಲ್ಲಮ್ಮ' ಎಂದರು. ನೀವು ಪ್ರತಿ ಅಕ್ಟೋಬರ್‌ನಲ್ಲಿ 'ಕ್ಯಾನ್ಸರ್ ಗೆದ್ದವರು' ಎಂದು ಹಾಕುತ್ತೀರಿ. ಎಲ್ಲ ಓದಿದ್ದೇನೆ. ಹಾಗಾದರೆ ನಾನು ಸೋತವಳಾ? ಏನು ತಪ್ಪು ಮಾಡಿದೆ? ಮಗಳಿಗೆ ಗಂಡು ನೋಡುತ್ತಿದ್ದೇವೆ. ಅವಳಿಗೂ ಹೇಳಿಲ್ಲ. ನಮ್ಮ ಯಜಮಾನರಿಗೆ, ಮೈದುನ, ಓರಗಿತ್ತಿಗೆ ಮಾತ್ರ ಗೊತ್ತು."

ಅಕ್ಕ,

ನಾನು ನಿಮಗಿಂತ ಎರಡು ವರ್ಷ ಚಿಕ್ಕವಳು. ಅದಕ್ಕೇ ಹೀಗೆ ಕರೆಯುತ್ತಿದ್ದೇನೆ.

ಮೊದಲು ನಮ್ಮ ತಪ್ಪು ಒಪ್ಪಿಕೊಳ್ಳುತ್ತೇನೆ. ನಿಮ್ಮ ಪತ್ರ ಬಂದ ಮೇಲೆ ಕಚೇರಿಯಲ್ಲಿ ಕೂತು ಹಳೆಯ ಅಕ್ಟೋಬರ್ ಸಂಚಿಕೆಗಳನ್ನೆಲ್ಲ ತೆಗೆದು ನೋಡಿದೆ. ಕಾಯಿಲೆ ಮರಳಿ ಬಂದವರ ಮಾತು ಒಂದರಲ್ಲೂ ಇಲ್ಲ. ನಾವು ಬರೆದಿದ್ದ ಒಬ್ಬರು ಎರಡು ವರ್ಷದ ಮೇಲೆ ಫೋನ್ ಮಾಡಿ, ಮತ್ತೆ ಬಂದಿದೆ, ಈಗಲೂ ನನ್ನ ಬಗ್ಗೆ ಬರೆಯುತ್ತೀರಾ ಎಂದು ಕೇಳಿದ್ದರು. ಓದುಗರ ಧೈರ್ಯ ಕುಂದುತ್ತದೆ ಎಂದು ನಾನೇ ಬೇಡ ಅಂದೆ. ಆ ಹೆಣ್ಣುಮಗಳಿಗೆ ಅದು ಹೇಗೆ ಕೇಳಿಸಿರಬೇಕು ಎಂದು ಆಗ ಯೋಚಿಸಲಿಲ್ಲ. ನಿಮ್ಮ ಒಂದು ಸಾಲು ಓದಿದಾಗ ಗೊತ್ತಾಯಿತು. ಗೆದ್ದವರು ಎಂದು ಬರೆದ ಕೂಡಲೇ ಇನ್ನೊಂದು ಕಡೆ ಸೋತವರನ್ನು ಕೂರಿಸಿಬಿಡುತ್ತೇವೆ. ಮುಂದಿನ ಅಕ್ಟೋಬರ್‌ನಿಂದ ಆ ತಲೆಬರಹ ಇರುವುದಿಲ್ಲ.

ಏನು ತಪ್ಪು ಮಾಡಿದೆ ಎಂದು ಕೇಳಿದ್ದೀರಿ. ಏನೂ ಮಾಡಿಲ್ಲ. ನಿಮ್ಮದು ಹಾರ್ಮೋನ್ ಪಾಸಿಟಿವ್ ಜಾತಿಯ, ಅಂದರೆ ಮೈಯಲ್ಲಿನ ಹಾರ್ಮೋನ್ ಬಲದಿಂದ ಬೆಳೆಯುವ ಕಾಯಿಲೆ ಎಂದು ನೀವು ಕಳಿಸಿದ ರಿಪೋರ್ಟ್‌ನ ಪ್ರತಿಯಲ್ಲಿದೆ. ಈ ಜಾತಿ ಐದು ವರ್ಷ ಸುಮ್ಮನಿದ್ದು ಹತ್ತನೇ ವರ್ಷ, ಕೆಲವರಲ್ಲಿ ಇಪ್ಪತ್ತನೇ ವರ್ಷವೂ ಏಳಬಹುದು. ಶುಂಠಿ ಹೊಲದಲ್ಲಿ ಜೇಕು ನೋಡಿರುತ್ತೀರಲ್ಲ, ಎಷ್ಟು ಕಿತ್ತರೂ ಮಣ್ಣಿನಲ್ಲಿ ಕಣ್ಣಿಗೆ ಕಾಣದ ಒಂದು ಗಡ್ಡೆ ಉಳಿದಿರುತ್ತದೆ. ಮೊದಲ ಸಲ ಗಂಟು ತೆಗೆಯುವ ಮುಂಚೆಯೇ ಕೆಲವು ಕಣಗಳು ರಕ್ತದಲ್ಲಿ ಹೋಗಿ ಮೂಳೆಯೊಳಗೆ ಮಲಗಿರುತ್ತವೆ. ಯಾವ ಸ್ಕ್ಯಾನ್‌ಗೂ ಅವು ಸಿಗುವುದಿಲ್ಲ. ಐದು ವರ್ಷದ ಮಾತ್ರೆ ಅವು ಏಳುವ ಸಾಧ್ಯತೆಯನ್ನು ತುಂಬಾ ಕಡಿಮೆ ಮಾಡುತ್ತದೆ, ಪೂರ್ತಿ ಅಳಿಸುವುದಿಲ್ಲ. ನೀವು ಮೂಟೆ ಎತ್ತಿದ್ದಕ್ಕೆ ಬಂದಿದ್ದಲ್ಲ ಇದು. ತಂಗಿ ತೀರಿಕೊಂಡಾಗ ಅತ್ತಿದ್ದಕ್ಕೂ ಅಲ್ಲ, ಉಪ್ಪಿನಕಾಯಿ ತಿಂದಿದ್ದಕ್ಕೂ ಅಲ್ಲ. ಹರಕೆ ತೀರಿಸಲಿಲ್ಲ ಎಂದು ನಿಮ್ಮ ಓರಗಿತ್ತಿ ಹೇಳಿದ ಮಾತನ್ನು ದಯವಿಟ್ಟು ಮನಸ್ಸಿನಿಂದ ತೆಗೆದುಹಾಕಿ.

ಇನ್ನೊಂದು ಗೊಂದಲ ನಿಮ್ಮ ಪತ್ರದಲ್ಲಿ ಕಾಣಿಸಿತು. ಈಗ ಮೂಳೆ ಕ್ಯಾನ್ಸರ್ರೂ ಬಂತು ಎಂದು ಬರೆದಿದ್ದೀರಿ. ಹಾಗಲ್ಲ. ಮೂಳೆಗೆ ಬಂದು ಕೂತರೂ ಅದು ಸ್ತನ ಕ್ಯಾನ್ಸರ್ರೇ. ಅದಕ್ಕೇ ಔಷಧಿಯೂ ಅದರದ್ದೇ. ಚೂರು ತೆಗೆದು ಪರೀಕ್ಷಿಸಲು ಮತ್ತೆ ಸೂಜಿ ಹಾಕಿ ಯಾಕೆ ಚುಚ್ಚಿದರು ಎಂದು ಬೇಸರ ಮಾಡಿಕೊಂಡಿದ್ದೀರಿ. ಹತ್ತು ವರ್ಷದಲ್ಲಿ ಕಾಯಿಲೆಯ ಗುಣ ಬದಲಾಗಿರಬಹುದು, ಗುಣ ಬದಲಾದರೆ ಔಷಧಿಯೂ ಬದಲಾಗಬೇಕು. ನಿಮ್ಮ ಡಾಕ್ಟರು ಸರಿಯಾಗಿಯೇ ಮಾಡಿದ್ದಾರೆ.

ಈಗ ಕಷ್ಟದ ಮಾತಿಗೆ ಬರುತ್ತೇನೆ. ಮುಗಿಯೋದು ಅಂತ ಇರಲ್ಲ ಎಂದು ಅವರು ಹೇಳಿದ್ದು ನಿಜ. ನಾಲ್ಕನೇ ಹಂತದಲ್ಲಿ, ಅಂದರೆ ಬೇರೆ ಅಂಗಕ್ಕೆ ಹರಡಿದ ಮೇಲೆ, ಕಾಯಿಲೆಯನ್ನು ಬೇರುಸಹಿತ ತೆಗೆಯುವ ಔಷಧಿ ಇವತ್ತಿಗೆ ಇಲ್ಲ. ಇರುವ ಔಷಧಿ ಅದನ್ನು ಹಿಡಿದು ನಿಲ್ಲಿಸುತ್ತದೆ. ಒಂದು ಔಷಧಿ ಕೆಲಸ ಮಾಡುವಷ್ಟು ದಿನ ಅದೇ. ಅದು ನಿಂತರೆ ಇನ್ನೊಂದು. ಸಕ್ಕರೆ ಕಾಯಿಲೆ ಇದ್ದ ಹಾಗೇ ಎಂದು ಕೆಲವರು ಸಮಾಧಾನ ಹೇಳುತ್ತಾರೆ. ನಾನು ಹೇಳಲಾರೆ, ಇದು ಅದಕ್ಕಿಂತ ಗಟ್ಟಿ ಕಾಯಿಲೆ. ಆದರೆ ನೀವು ಬರೆದಿರುವ ಹಾಗೆ "ಇನ್ನು ನಾಲ್ಕು ತಿಂಗಳೋ ಆರು ತಿಂಗಳೋ" ಎಂದು ಎಣಿಸಿ ಕೂರುವ ಕಾಯಿಲೆಯೂ ಅಲ್ಲ. ಮುಟ್ಟು ನಿಂತ ಮೇಲೆ ಈ ಜಾತಿಯ ಕಾಯಿಲೆ ಹರಡಿದ 668 ಹೆಂಗಸರ ಮೇಲೆ ನಡೆದ ಒಂದು ದೊಡ್ಡ ಅಧ್ಯಯನದ ಲೆಕ್ಕ 2022ರಲ್ಲಿ ಬಂತು. ಲೆಟ್ರೋಜೋಲ್ ಎಂಬ ಹಾರ್ಮೋನ್ ತಗ್ಗಿಸುವ ಮಾತ್ರೆಯ ಜೊತೆ ರೈಬೋಸಿಕ್ಲಿಬ್ ಎಂಬ ಮಾತ್ರೆ ತೆಗೆದುಕೊಂಡವರಲ್ಲಿ ಅರ್ಧದಷ್ಟು ಮಂದಿ ಐದು ವರ್ಷ ದಾಟಿ ಬದುಕಿದ್ದರು. ನಿಮಗೆ ಬರೆದಿರುವ ಪಾಲ್ಬೋಸಿಕ್ಲಿಬ್ ರೈಬೋಸಿಕ್ಲಿಬ್ ಗುಂಪಿನದೇ ಇನ್ನೊಂದು ಔಷಧಿ. ನಿಮಗೆ ಎಷ್ಟು ವರ್ಷ ಎಂದು ಯಾವ ಅಧ್ಯಯನವೂ ಹೇಳುವುದಿಲ್ಲ. ಆದರೂ ಈ ಲೆಕ್ಕ ನಿಮಗೆ ಗೊತ್ತಿರಬೇಕು ಅನಿಸಿತು.

ಆ ಮಾತ್ರೆ 21 ದಿನ ನುಂಗಿ 7 ದಿನ ಬಿಡಬೇಕು. ಬಿಳಿ ರಕ್ತಕಣ ಕಡಿಮೆಯಾಗುತ್ತದೆ, ಆಗಾಗ ರಕ್ತ ಪರೀಕ್ಷೆ ಬೇಕು. ಜ್ವರ 100.4 ಡಿಗ್ರಿ ದಾಟಿದರೆ ಮನೆಯಲ್ಲಿ ಮಾತ್ರೆ ನುಂಗಿ ಮಲಗಬೇಡಿ, ಆಸ್ಪತ್ರೆಗೆ ಫೋನ್ ಮಾಡಿ. ಹಿತ್ತಲಿನ ಚಕ್ಕೋತದ ಹಣ್ಣು ತಿನ್ನುತ್ತೇನೆ ಎಂದಿದ್ದೀರಿ. ಸದ್ಯಕ್ಕೆ ಅದು ಬೇಡ. ಆ ಜಾತಿಯ ಹಣ್ಣಿನಿಂದ ಔಷಧಿಯ ಅಂಶ ರಕ್ತದಲ್ಲಿ ಜಾಸ್ತಿಯಾಗಬಹುದು. ಇನ್ನು ನಿಮ್ಮ ಮೈದುನ ತಂದುಕೊಟ್ಟ ಮರದ ತೊಗಟೆ ಕಷಾಯ. ಪ್ರೀತಿಯಿಂದ ತಂದಿದ್ದಾರೆ, ಗೊತ್ತು. ಆದರೆ ಅದರಲ್ಲಿ ಏನಿದೆ, ಅದು ನಿಮ್ಮ ಲಿವರ್‌ಗೆ, ಈ ಮಾತ್ರೆಗೆ ಏನು ಮಾಡುತ್ತದೆ ಎಂದು ಹೇಳುವವರು ಯಾರೂ ಇಲ್ಲ. ಡಾಕ್ಟರಿಗೆ ತೋರಿಸದೆ ಒಂದು ಲೋಟವೂ ಕುಡಿಯಬೇಡಿ.

ಒಂದು ಎಕರೆ ಮಾರುವ ಮಾತು ಮನೆಯಲ್ಲಿ ನಡೆದಿದೆ ಎಂದಿದ್ದೀರಿ. ಸ್ವಲ್ಪ ತಡೆಯಿರಿ. ಪಾಲ್ಬೋಸಿಕ್ಲಿಬ್‌ನ ಪೇಟೆಂಟ್ 2023ರ ಜನವರಿಯಲ್ಲೇ ಮುಗಿದಿದೆ. ನಮ್ಮ ದೇಶದ ಕಂಪನಿಗಳೇ ಈಗ ಅದನ್ನು ಮಾಡುತ್ತವೆ, ಬೆಲೆ ಮೊದಲಿಗಿಂತ ತುಂಬಾ ಇಳಿದಿದೆ. ಯಾವ ಕಂಪನಿಯದಾದರೂ ಆಗುತ್ತದಾ ಎಂದು ಡಾಕ್ಟರನ್ನೇ ಬಾಯಿಬಿಟ್ಟು ಕೇಳಿ. ಬಿಪಿಎಲ್ ಕಾರ್ಡ್ ಇದೆ ಎಂದಿದ್ದೀರಿ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ. ನಿಮ್ಮ ಔಷಧಿಯಲ್ಲಿ ಯಾವುದು ಅದರೊಳಗೆ ಬರುತ್ತದೆ ಎಂದು ಆಸ್ಪತ್ರೆಯಲ್ಲಿ ಕೂರುವ ಆರೋಗ್ಯ ಮಿತ್ರರನ್ನು ವಿಚಾರಿಸಿ. ಜಮೀನು ಮಾರುವುದು ಇದ್ದೇ ಇದೆ, ಅದು ಕೊನೆಯ ದಾರಿಯಾಗಲಿ.

ಬೆಂಗಳೂರಿಗೆ ಬಸ್ಸಿನಲ್ಲಿ ಹೋಗಿಬಂದರೆ ಎರಡು ದಿನ ಏಳೋಕಾಗಲ್ಲ ಎಂದಿದ್ದೀರಿ. ಬಸ್ಸು ಹೆಂಗಸರಿಗೆ ಉಚಿತ, ನಿಜ. ಆದರೆ ಬೆನ್ನುಮೂಳೆಗೆ ಬಂದಿರುವಾಗ ಅಷ್ಟು ಹೊತ್ತು ಕೂತು ಕುಲುಕುವುದು ಬೇಡ. ರೈಲಿನಲ್ಲಿ ಮಲಗಿಕೊಂಡು ಹೋಗಬಹುದಲ್ವಾ. ಚಿಕಿತ್ಸೆಗೆ ಹೋಗುವ ಕ್ಯಾನ್ಸರ್ ರೋಗಿಗಳಿಗೆ ಸ್ಲೀಪರ್‌ನಲ್ಲಿ ಪೂರ್ತಿ ರಿಯಾಯಿತಿ ಇದೆ, ಜೊತೆಗೆ ಬರುವ ಒಬ್ಬರಿಗೆ ನೂರಕ್ಕೆ 75ರಷ್ಟು. ಆಸ್ಪತ್ರೆಯಿಂದ ಫಾರಂ ಬರೆಸಿಕೊಳ್ಳಬೇಕು. ಸಕಲೇಶಪುರ ಸ್ಟೇಷನ್‌ನಿಂದಲೇ ಹತ್ತಿ.

ನೋವನ್ನು ಹಲ್ಲುಕಚ್ಚಿ ತಡೆಯುತ್ತೇನೆ ಎಂದು ಹೆಮ್ಮೆಯಿಂದ ಬರೆದಿದ್ದೀರಿ. ಯಾಕೆ ತಡೆಯಬೇಕು ಅಕ್ಕ? ನೋವಿರುವ ಮೂಳೆಗೆ ಕರೆಂಟು ಕೊಟ್ಟರೆ, ಕೆಲವೊಮ್ಮೆ ಒಂದೇ ಸಲ ಕೊಟ್ಟರೂ, ನೋವು ಎಷ್ಟೋ ಇಳಿಯುತ್ತದೆ. ಮಾರ್ಫಿನ್ ಮಾತ್ರೆಯೂ ಇದೆ. ಮಾರ್ಫಿನ್ ಕೊಟ್ಟರೆ ಎಲ್ಲ ಮುಗಿಯಿತು ಎಂದೇ ನಮ್ಮ ಜನ ತಿಳಿದಿದ್ದಾರೆ. ಡಾಕ್ಟರು ಹೇಳಿದ ಅಳತೆಯಲ್ಲಿ ನುಂಗಿ ಮನೆಕೆಲಸ ಮಾಡಿಕೊಂಡು ಇರುವವರಿದ್ದಾರೆ. ಪ್ಯಾಲಿಯೇಟಿವ್ ಕೇರ್ ಎಂಬ ವಿಭಾಗಕ್ಕೆ ಕಳಿಸಿದರೆ ಹೆದರಬೇಡಿ. ನೋವು, ನಿದ್ದೆ, ವಾಂತಿ, ಮನಸ್ಸಿನ ಸಂಕಟ ನೋಡುವುದೇ ಅವರ ಕೆಲಸ. ಚಿಕಿತ್ಸೆಯ ಜೊತೆಯಲ್ಲೇ, ಮೊದಲ ದಿನದಿಂದಲೇ ಅವರ ಹತ್ತಿರ ಹೋಗಬಹುದು.

ಒಂದು ವಿಷಯದಲ್ಲಿ ಮಾತ್ರ ಹೆದರಿ. ಕಾಲು ಇದ್ದಕ್ಕಿದ್ದಂತೆ ಸೋತರೆ, ಮರಗಟ್ಟಿದರೆ, ಒಂದಕ್ಕೆ ಎರಡಕ್ಕೆ ಹಿಡಿತ ತಪ್ಪಿದರೆ ಬೆಳಗಾಗಲಿ ಎಂದು ಕಾಯಬೇಡಿ. ರಾತ್ರಿಯಾದರೂ ಹೊರಡಿ. ಬೆನ್ನುಹುರಿಯನ್ನು ಕಾಯಿಲೆ ಒತ್ತುತ್ತಿರಬಹುದು. ಬೇಗ ಹೋದರೆ ಕಾಲು ಉಳಿಯುವ ಸಾಧ್ಯತೆ ಹೆಚ್ಚು. ಮೂಟೆ, ಕೊಡಪಾನ ಎತ್ತುವುದು ಇವತ್ತಿಗೇ ನಿಲ್ಲಲಿ.

ಮಗಳ ವಿಷಯಕ್ಕೆ ಬರಲು ಇಷ್ಟು ಹೊತ್ತು ತೆಗೆದುಕೊಂಡೆ. ಅದು ನನಗೂ ಸುಲಭವಲ್ಲ.

ನನ್ನ ಅತ್ತಿಗೆಗೆ ಹೀಗೇ ಎರಡನೇ ಸಲ ಬಂದಿತ್ತು. ಏಳು ತಿಂಗಳು ನಮಗ್ಯಾರಿಗೂ ಹೇಳಲಿಲ್ಲ. ಮಗನ ಮನೆಗೆ ಹೋಗುತ್ತೇನೆ ಎಂದು ಹೇಳಿ ಅರಸೀಕೆರೆಯಲ್ಲಿ ರೈಲು ಹತ್ತುತ್ತಿದ್ದರು. ಒಬ್ಬರೇ ಹೋಗಿ ಇಂಜೆಕ್ಷನ್ ಹಾಕಿಸಿಕೊಂಡು ಸಂಜೆಗೆ ಬಂದು ಅಡುಗೆಗೆ ನಿಲ್ಲುತ್ತಿದ್ದರು. ಒಂದು ಗೃಹಪ್ರವೇಶದಲ್ಲಿ ಊಟದ ಎಲೆ ಮುಂದಿನಿಂದ ಎದ್ದು ಹೋಗಿ ವಾಂತಿ ಮಾಡಿಕೊಂಡರು. ಹೋಳಿಗೆ ಜಾಸ್ತಿಯಾಯಿತು ಎಂದು ನಾವೆಲ್ಲ ನಗಾಡಿದೆವು. ನಾನೂ ನಗಾಡಿದೆ. ಅವರೂ ನಮ್ಮ ಜೊತೆ ನಕ್ಕರು. ಆಮೇಲೆ ಗೊತ್ತಾದಾಗ ಅವರ ಮಗಳು ಕೇಳಿದ ಮಾತು ಒಂದೇ: "ಅಮ್ಮಂಗೆ ನಾನು ಅಷ್ಟೂ ಬೇಡವಾದೆನಾ?" ಅತ್ತಿಗೆ ಆಮೇಲೆ ನಾಲ್ಕು ವರ್ಷ ಇದ್ದರು. ಆ ನಾಲ್ಕು ವರ್ಷ ಮಗಳೇ ಜೊತೆಗೆ ಹೋಗುತ್ತಿದ್ದಳು. ಆದರೂ ಆ ಏಳು ತಿಂಗಳ ಬಗ್ಗೆ ಅವಳ ನೋವು ಇವತ್ತಿಗೂ ಹೋಗಿಲ್ಲ.

ಅದಕ್ಕೇ ಹೇಳುತ್ತೇನೆ, ಮಗಳಿಗೆ ಹೇಳಿ. ಗಂಡಿನ ಮನೆಯವರ ಮಾತು ಆಮೇಲೆ. ಅವಳಿಗೆ 25 ವರ್ಷ ಎಂದು ಬರೆದಿದ್ದೀರಿ, ಚಿಕ್ಕ ಹುಡುಗಿಯಲ್ಲ. ಇನ್ನೊಂದು ಕಾರಣವೂ ಇದೆ. ನೂರರಲ್ಲಿ ಐದರಿಂದ ಹತ್ತು ಮಂದಿಗೆ ಸ್ತನ ಕ್ಯಾನ್ಸರ್ ವಂಶದಿಂದ ಬಂದಿರುತ್ತದೆ. ನಿಮ್ಮದು ಹಾಗೆ ಎಂದು ನಾನು ಹೇಳುತ್ತಿಲ್ಲ. ನಿಮ್ಮ ಸೋದರತ್ತೆಗೂ ಇತ್ತು ಎಂದಿದ್ದೀರಿ, ಹಾಗಾಗಿ ಜೀನ್ ಪರೀಕ್ಷೆ ಬೇಕಾ ಎಂದು ಡಾಕ್ಟರನ್ನು ಕೇಳಿ. ಆ ಪರೀಕ್ಷೆ ಮೊದಲು ಮಾಡುವುದು ನಿಮಗೆ. ಉತ್ತರ ಏನೇ ಬಂದರೂ, ತಾನು ಯಾವ ವಯಸ್ಸಿನಿಂದ ತಪಾಸಣೆ ಶುರುಮಾಡಬೇಕು ಎಂಬುದು ಅವಳಿಗೆ ಗೊತ್ತಾಗುತ್ತದೆ.

ಗಂಡಿನ ಕಡೆಯವರಿಗೆ? ಮಾತು ಮುಂದುವರಿದ ಮೇಲೆ, ನಿಶ್ಚಿತಾರ್ಥಕ್ಕೆ ಮುಂಚೆ ಹೇಳಿಬಿಡುವುದು ಒಳ್ಳೆಯದು ಎಂದು ನನ್ನ ಅಭಿಪ್ರಾಯ. ಮುರಿದರೆ ಮುರಿಯಲಿ ಎನ್ನುವುದು ನನಗೆ ಸುಲಭ, ನಿಮಗಲ್ಲ. ಆದರೆ ನಮ್ಮ ಜಿಲ್ಲೆ ಎಷ್ಟು ದೊಡ್ಡದು ಹೇಳಿ. ಆಸ್ಪತ್ರೆಯ ಸಾಲಿನಲ್ಲಿ ಗುರುತಿನವರು ಸಿಕ್ಕೇ ಸಿಗುತ್ತಾರೆ. ಮೂರನೆಯವರ ಬಾಯಿಂದ ಹೋಗುವುದಕ್ಕಿಂತ ನಿಮ್ಮ ಬಾಯಿಂದಲೇ ಹೋಗಲಿ. ಹೇಗೆ, ಯಾವಾಗ ಹೇಳಬೇಕು ಎಂಬುದನ್ನು ಮಗಳೇ ತೀರ್ಮಾನಿಸಲಿ. ಮದುವೆ ಅವಳದು.

ಹೂ ಮಳೆ ಬಿದ್ದು ಕಾಫಿ ಹೂ ಬಿಡುವ ಹೊತ್ತಿಗೆ ಮುಂದಿನ ಸ್ಕ್ಯಾನ್ ಎಂದಿದ್ದೀರಿ. ಅದಕ್ಕೆ ಮುಂಚಿನ ಹದಿನೈದು ದಿನ ನಿದ್ದೆ ಬರುವುದಿಲ್ಲ, ನನ್ನ ಅತ್ತಿಗೆಯನ್ನು ನೋಡಿದ್ದೇನೆ. ಆ ದಿನಗಳಲ್ಲಿ ನನಗೆ ಫೋನ್ ಮಾಡಿ. ನಂಬರ್ ಬೇರೆ ಕಾಗದದಲ್ಲಿ ಕಳಿಸಿದ್ದೇನೆ. ರಾತ್ರಿ ಹತ್ತರ ಮೇಲಾದರೂ ಪರವಾಗಿಲ್ಲ.

ಕೊನೆಗೆ ಒಂದು. ಪತ್ರದ ಐದನೇ ಪುಟದಲ್ಲಿ, ಬಲಗಡೆ ದವಡೆ ಹಲ್ಲು ಅಲ್ಲಾಡುತ್ತಿದೆ, ಇದರ ಮಧ್ಯೆ ಅದನ್ನು ಯಾರು ನೋಡುತ್ತಾರೆ ಎಂದು ಬರೆದಿದ್ದೀರಿ. ಅದೇ ಪುಟದ ಕೆಳಗೆ, ಮುಂದಿನ ವಾರ ಮೂಳೆಗೆ ಜೋಲೆಡ್ರೋನಿಕ್ ಇಂಜೆಕ್ಷನ್ ಶುರು ಎಂದಿದ್ದೀರಿ. ಆ ಇಂಜೆಕ್ಷನ್ ಶುರುವಾದ ಮೇಲೆ ಹಲ್ಲು ಕಿತ್ತರೆ ಕೆಲವರಿಗೆ ದವಡೆಯ ಮೂಳೆ ವಾಸಿಯಾಗದೆ ಉಳಿದುಬಿಡುತ್ತದೆ. ಹಾಗಾಗಿ ಹಲ್ಲಿನ ಕೆಲಸ ಮೊದಲು ಮುಗಿಯಬೇಕು. ಕಿತ್ತ ಗಾಯ ಮಾಯುವವರೆಗೆ ಇಂಜೆಕ್ಷನ್ ಸ್ವಲ್ಪ ಮುಂದೆ ಹಾಕಬಹುದಾ ಎಂದು ಇವತ್ತೇ ನಿಮ್ಮ ಡಾಕ್ಟರಿಗೆ ಫೋನ್ ಮಾಡಿ ಕೇಳಿ. ನಾಳೆಯೇ ಸಕಲೇಶಪುರದಲ್ಲಿ ಹಲ್ಲಿನ ಡಾಕ್ಟರ ಹತ್ತಿರ ಹೋಗಿ. ಸಾಧ್ಯವಾದರೆ ಮಗಳನ್ನು ಕರೆದುಕೊಂಡು ಹೋಗಿ.

ನಿಮ್ಮ
ಸಂಪಾದಕಿ
ಹಾಸನ