ನನ್ನನ್ನು ನೋಡಿ ನಾನೇ ನಕ್ಕರೂ ಕುಗ್ಗುವುದೇಕೆ?

ಮಾರತ್ತಹಳ್ಳಿಯ ಕಚೇರಿಯಲ್ಲಿ ಮಾತು ತಡವರಿಸಿದಾಗಲೆಲ್ಲ ‘ನಾನು ದಡ್ಡ’ ಎಂದು ನೀವೇ ಮೊದಲು ನಗಿಸುತ್ತೀರಿ, ಮನೆಗೆ ಬಂದು ಕುಗ್ಗುತ್ತೀರಿ, ಏಕೆ ಎಂದು ಕೇಳಿದ್ದೀರಿ. ಬೇರೆಯವರು ಹೊಡೆಯುವ ಮುನ್ನ ನಿಮಗೆ ನೀವೇ ಹೊಡೆದುಕೊಳ್ಳುತ್ತಿದ್ದೀರಿ. ದಯವಿಟ್ಟು ನಿಲ್ಲಿಸಿ.

ಮನೋವಿಜ್ಞಾನಿ ರಾಡ್ ಮಾರ್ಟಿನ್ ಮತ್ತು ಸಂಗಡಿಗರು 2003ರಲ್ಲಿ ಹಾಸ್ಯದ ನಾಲ್ಕು ಬಗೆಗಳನ್ನು ಗುರುತಿಸಿದರು. ಅವುಗಳಲ್ಲಿ, ಇತರರನ್ನು ಮೆಚ್ಚಿಸಲು ತನ್ನನ್ನೇ ಹೀಗಳೆಯುವ ಹಾಸ್ಯ ಕಡಿಮೆ ಆತ್ಮಗೌರವದವರಲ್ಲಿ ಹೆಚ್ಚು ಕಂಡಿತು. ಕಷ್ಟದಲ್ಲೂ ತಮಾಷೆ ಕಾಣುವ ಹಾಸ್ಯ ಹೆಚ್ಚಿನ ಆತ್ಮಗೌರವದವರಲ್ಲಿ. (ಯಾವುದು ಕಾರಣ, ಯಾವುದು ಪರಿಣಾಮ ಎಂದು ಇದರಿಂದ ತೀರ್ಮಾನವಾಗುವುದಿಲ್ಲ.)

ಹಾಗಾಗಿ ನಡೆದದ್ದನ್ನು ನೋಡಿ ನಗಿ. ಮೆಜೆಸ್ಟಿಕ್‌ನಲ್ಲಿ ಬನಶಂಕರಿಯ ಬದಲು ಯಶವಂತಪುರದ ಬಸ್ ಹತ್ತಿದಿರಿ ಎನ್ನಿ. ‘ಇವತ್ತು ಊರು ಸುತ್ತಿದೆ’ ಎಂದರೆ ಯಾರಿಗೂ ನೋವಿಲ್ಲ. ‘ನನಗೆ ಏನೂ ಬರುವುದಿಲ್ಲ’ ಎಂದರೆ ಅದು ನಿಮ್ಮ ಬಗ್ಗೆಯೇ ಕೊಟ್ಟ ತೀರ್ಪು. ಸಭೆಯಲ್ಲಿ ‘ಮಾತು ಸಿಕ್ಕಿಹಾಕಿಕೊಂಡಿತು, ಒಂದು ನಿಮಿಷ’ ಎಂದು ನಕ್ಕು ಮುಂದುವರಿಯಿರಿ, ಸಾಕು. ಮೊದಲು ಆಪ್ತ ಗೆಳೆಯರ ನಡುವೆ ಅಭ್ಯಾಸ ಮಾಡಿ. ಆದರೆ ನಿಮ್ಮ ಬಣ್ಣ, ಭಾಷೆ, ಮೈಕಟ್ಟನ್ನು ಯಾರಾದರೂ ಆಡಿಕೊಂಡರೆ ನಗುವ ಹಂಗು ನಿಮಗಿಲ್ಲ.

ಕುಗ್ಗುವಿಕೆ ವಾರಗಟ್ಟಲೆ ಉಳಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ. ಉಚಿತ, ಕನ್ನಡದಲ್ಲೇ ಮಾತನಾಡಬಹುದು.