ಹತ್ತು ವರ್ಷ ಬಾಳಬೇಕಾದರೆ ಮ್ಯಾಕೋ, ವಿಂಡೋಸ್ ಪಿಸಿಯೋ?

ಹಾವೇರಿಯಲ್ಲಿ ಮನೆಗೆ ಕಂಪ್ಯೂಟರ್ ಬೇಕು, ಹತ್ತು ವರ್ಷ ಬಾಳಬೇಕು, ಮ್ಯಾಕ್ ತಗೊಳ್ಳಲಾ ವಿಂಡೋಸ್ ಪಿಸಿ ತಗೊಳ್ಳಲಾ ಅಂತ ಕೇಳಿದ್ದೀರಿ. ಮನೆಯಲ್ಲಿ ಒಂದೇ ಕಡೆ ಇಟ್ಟು ಬಳಸುವುದಾದರೆ ಬಿಡಿಭಾಗ ಆರಿಸಿ ಜೋಡಿಸಿದ ವಿಂಡೋಸ್ ಪಿಸಿ, ಅಂದರೆ ಅಸೆಂಬಲ್ಡ್ ಡೆಸ್ಕ್‌ಟಾಪ್ ತಗೊಳ್ಳಿ.

ನಾನು ಗದಗ-ಬೆಟಗೇರಿಯಲ್ಲಿ ಮನೆಯಲ್ಲೇ ಡಿಟಿಪಿ ಮಾಡುತ್ತೇನೆ. ಲಗ್ನಪತ್ರಿಕೆ, ಬಿಲ್ ಬುಕ್, ಹ್ಯಾಂಡ್‌ಬಿಲ್. 2014ರಲ್ಲಿ ಜೋಡಿಸಿಕೊಂಡ ಪಿಸಿಯೇ ಇವತ್ತಿಗೂ ನನ್ನ ಅನ್ನ. ನಮ್ಮ ಕಡೆ ಕಂಪ್ಯೂಟರ್ ಕೆಡುವುದು ಹೆಚ್ಚಾಗಿ ಧೂಳಿನಿಂದ, ಹೋಗಿ ಬರುವ ಕರೆಂಟಿನಿಂದ. ಓಣಿಯಲ್ಲಿ ಮಗ್ಗಗಳಿವೆ. ಒಂದು ಬೇಸಿಗೆಯಲ್ಲಿ ಪಿಸಿ ತಾನಾಗೇ ಆಫ್ ಆಗತೊಡಗಿತು. ಬಿಚ್ಚಿ ನೋಡಿದರೆ ಪ್ರೊಸೆಸರ್ ಫ್ಯಾನಿನ ಕೆಳಗೆ, ಬಿಸಿ ಹೊರಹಾಕುವ ಲೋಹದ ಹೀಟ್‌ಸಿಂಕಿನ ಸಂದಿಯಲ್ಲೆಲ್ಲ ಹತ್ತಿಯ ಎಳೆ, ಧೂಳು ಸೇರಿ ಕಂಬಳಿಯ ತುಂಡಿನಂತೆ ಕೂತಿತ್ತು. ಚಿಮಟದಿಂದ ಎತ್ತಿದರೆ ಇಡಿಯಾಗಿ ಬಂತು. ಪ್ರೊಸೆಸರಿಗೂ ಹೀಟ್‌ಸಿಂಕಿಗೂ ನಡುವೆ ಬಿಸಿ ದಾಟಿಸಲು ಹಚ್ಚುವ ಪೇಸ್ಟ್ ಒಣಗಿ ಸುಣ್ಣದಂತೆ ಉದುರುತ್ತಿತ್ತು. ಒರೆಸಿ ಹೊಸದು ಹಚ್ಚಿದೆ, ಅಷ್ಟೇ.

ಪಿಸಿಗೆ ಕರೆಂಟ್ ಕೊಡುವ ಡಬ್ಬಿ, ಎಸ್‌ಎಂಪಿಎಸ್, ಎರಡು ಸಲ ಬದಲಿಸಿದ್ದೇನೆ. ಮೊದಲಿನದು ಅಗ್ಗದ್ದು, ಮಳೆಗಾಲದ ಒಂದು ರಾತ್ರಿ ಸುಟ್ಟ ವಾಸನೆ ಬಿಟ್ಟು ನಿಂತಿತು. ಹಾರ್ಡ್ ಡಿಸ್ಕ್ ತೆಗೆದು ಅದಕ್ಕಿಂತ ವೇಗದ, ತಿರುಗುವ ಭಾಗವಿಲ್ಲದ ಎಸ್‌ಎಸ್‌ಡಿ ಹಾಕಿದೆ. ಇನ್ನೊಮ್ಮೆ ಬ್ಯಾಂಕಿನ ಸೈಟ್ ತೆರೆಯಲೇ ಇಲ್ಲ. ವೈರಸ್ ಅಂದುಕೊಂಡೆ. ಮದರ್‌ಬೋರ್ಡಿನ ಸಿಆರ್2032 ಸೆಲ್ ಮುಗಿದು ತಾರೀಖು ಹಿಂದಕ್ಕೆ ಹೋಗಿತ್ತು! ತಾರೀಖು ತಪ್ಪಿದ್ದರೆ ಬ್ರೌಸರ್ ಸೈಟಿನ ಭದ್ರತಾ ಪ್ರಮಾಣಪತ್ರವನ್ನು ಒಪ್ಪುವುದಿಲ್ಲ. ಸೆಲ್ ಹಾಕಿದ ಮೇಲೆ ಸರಿಹೋಯಿತು.

ಇನ್ನು ಮ್ಯಾಕ್. ಅಣ್ಣನ ಮಗಳು ಧಾರವಾಡದಲ್ಲಿ ಓದುತ್ತಾಳೆ, 2021ರಲ್ಲಿ ತಗೊಂಡ ಮ್ಯಾಕ್‌ಬುಕ್ ಏರ್ ಲ್ಯಾಪ್‌ಟಾಪ್ ಇದೆ, ಆಪಲ್‌ನ ಸ್ವಂತ ಎಂ1 ಚಿಪ್ಪಿನದು. ಅದರಲ್ಲಿ ಫ್ಯಾನೇ ಇಲ್ಲ, ಧೂಳು ಎಳೆದುಕೊಳ್ಳುವ ಮಾತೇ ಇಲ್ಲ. ದಿನನಿತ್ಯದ ಕಿರಿಕಿರಿ ಅದರಲ್ಲೇ ಕಡಿಮೆ, ಇದನ್ನು ಒಪ್ಪುತ್ತೇನೆ. ಆದರೆ ರ್‍ಯಾಮ್ ಚಿಪ್ಪಿನ ಜೊತೆಗೇ ಬರುತ್ತದೆ, ಎಸ್‌ಎಸ್‌ಡಿ ಬೋರ್ಡಿಗೆ ಬೆಸೆದಿರುತ್ತದೆ. ನಾಳೆ ಸಾಲದೆ ಹೋದರೆ ಹೆಚ್ಚಿಸಲು ಬರುವುದಿಲ್ಲ. ಮಾರಾಟ ನಿಲ್ಲಿಸಿ ಏಳು ವರ್ಷ ದಾಟಿದ ಮಾದರಿಗಳನ್ನು ಆಪಲ್ 'ಹಳತಾದವು' ಅಂತ ಪಟ್ಟಿಗೆ ಸೇರಿಸುತ್ತದೆ. ಆಮೇಲೆ ರಿಪೇರಿ ಸಿಗುವುದು ಕಷ್ಟ. ಇಂಟೆಲ್ ಪ್ರೊಸೆಸರಿನ ಹಳೆಯ ಮ್ಯಾಕ್ ಸೆಕೆಂಡ್ ಹ್ಯಾಂಡ್ ಮಾತ್ರ ಬೇಡವೇ ಬೇಡ. 2025ರ ಮ್ಯಾಕ್‌ಓಎಸ್ ಟಾಹೋ ನಂತರ ಅವಕ್ಕೆ ಹೊಸ ಆವೃತ್ತಿ ಬರುವುದಿಲ್ಲ.

ವಿಂಡೋಸಿಗೂ ಇದೇ ಗೋಳು ಇದೆ. ವಿಂಡೋಸ್ 10ಕ್ಕೆ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ನನ್ನದು ಇಂಟೆಲ್‌ನ ನಾಲ್ಕನೇ ತಲೆಮಾರಿನ ಐ5 ಪ್ರೊಸೆಸರ್. ವಿಂಡೋಸ್ 11 ಕೇಳುವುದು ಎಂಟನೆಯದರಿಂದ ಮೇಲೆ. ಹಾಗಾಗಿ ವಿಂಡೋಸ್ ಬದಲು ಪುಕ್ಕಟೆ ಸಿಗುವ ಲಿನಕ್ಸ್ ಮಿಂಟ್ ಹಾಕಿಕೊಂಡೆ. ಹಳೆಯ ನುಡಿ ಫಾಂಟಿನ ಫೈಲುಗಳಿಗಾಗಿ ವಿಂಡೋಸನ್ನು ಬೇರೆ ಡಿಸ್ಕಿನಲ್ಲಿ ಉಳಿಸಿದ್ದೇನೆ, ಅದಕ್ಕೆ ಇಂಟರ್‌ನೆಟ್ ಕೊಡುವುದಿಲ್ಲ. ಪೆಟ್ಟಿಗೆ ಅದೇ, ಒಳಗಿನದು ಬದಲಾಯಿತು. ಇಷ್ಟು ಸಲೀಸು ಡೆಸ್ಕ್‌ಟಾಪಿನಲ್ಲಿ ಮಾತ್ರ ಸಿಗುತ್ತದೆ.

ಅಂಗಡಿಗೆ ಹೋದಾಗ ಪ್ರೊಸೆಸರಿನಲ್ಲಿ ಸ್ವಲ್ಪ ಉಳಿಸಿ, ಒಳ್ಳೆಯ ಎಸ್‌ಎಂಪಿಎಸ್‌ಗೆ, ಯುಪಿಎಸ್‌ಗೆ ಜಾಸ್ತಿ ಕೊಡಿ. ಯುಪಿಎಸ್ ಬ್ಯಾಟರಿ ಎರಡು-ಮೂರು ವರ್ಷಕ್ಕೆ ಬದಲಿಸುವ ಖರ್ಚು ಈಗಲೇ ಲೆಕ್ಕದಲ್ಲಿರಲಿ. ಯುಗಾದಿಗೊಮ್ಮೆ, ದೀಪಾವಳಿಗೊಮ್ಮೆ ಮನೆ ಸ್ವಚ್ಛ ಮಾಡುವಾಗ ಕ್ಯಾಬಿನೆಟ್ಟನ್ನೂ ಬಿಚ್ಚಿ. ಪ್ಲಗ್ ಕಿತ್ತು, ಅಂಗಳಕ್ಕೆ ಒಯ್ದು ಬ್ಲೋವರ್ ಹಿಡಿಯಿರಿ. ಆಗ ಫ್ಯಾನಿನ ರೆಕ್ಕೆಯನ್ನು ಬೆರಳಿನಿಂದ ಒತ್ತಿ ಹಿಡಿದಿರಬೇಕು. ಗಾಳಿಗೆ ಜೋರಾಗಿ ತಿರುಗಿಬಿಟ್ಟರೆ ಬೇರಿಂಗ್ ಹಾಳಾಗುತ್ತದೆ.